ಥೈರಾಯ್ಡ್ ಮಾತ್ರೆಯ ಬೆನ್ನಿಗೇ ಕಾಫಿ ಬೇಡ

ಮಾನ್ಯರೇ,

ಬೆಳಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗಿ, ಹಿಂದೆಯೇ ಬಿಸಿ ಫಿಲ್ಟರ್ ಕಾಫಿ ಕುಡಿಯುವುದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರೂಢಿ. ಮಾತ್ರೆಯಲ್ಲಿರುವ ಥೈರಾಕ್ಸಿನ್ ಹಾರ್ಮೋನ್ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಿಂದ. ಕಾಫಿ ಅದಕ್ಕೆ ಅಡ್ಡಿ. ರಕ್ತದಲ್ಲಿ ಹಾರ್ಮೋನ್ ಇಳಿದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನಾದ ಟಿಎಸ್‌ಎಚ್ ಹೆಚ್ಚಿಸುತ್ತದೆ. ವರದಿ ನೋಡಿದ ವೈದ್ಯರು 50 ಮೈಕ್ರೋಗ್ರಾಂ ಇದ್ದದ್ದನ್ನು 75 ಮಾಡುತ್ತಾರೆ. ತಪ್ಪು ಮಾತ್ರೆಯದಲ್ಲ, ಲೋಟದ್ದು!

ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ 30ರಿಂದ 60 ನಿಮಿಷ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ಅವು ಕರುಳಿನಲ್ಲೇ ಥೈರಾಕ್ಸಿನ್‌ಗೆ ಅಂಟಿಕೊಳ್ಳುತ್ತವೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುವವರು ಪರೀಕ್ಷೆಗೆ ರಕ್ತ ಕೊಡುವ ಕನಿಷ್ಠ 2 ದಿನ ಮೊದಲೇ ನಿಲ್ಲಿಸಲಿ. ಇಲ್ಲದಿದ್ದರೆ ಕೆಲವು ಬಗೆಯ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಥೈರಾಕ್ಸಿನ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 7 ದಿನ. ಹೊಸ ಪ್ರಮಾಣಕ್ಕೆ ರಕ್ತದ ಮಟ್ಟ ಹೊಂದಿಕೊಳ್ಳಲು ವಾರಗಳೇ ಬೇಕು, ಹಾಗಾಗಿ ಪ್ರಮಾಣ ಬದಲಿಸಿದ 6ರಿಂದ 8 ವಾರಗಳ ನಂತರವೇ ಮರುಪರೀಕ್ಷೆಗೆ ಅರ್ಥ. ಹದಿನೈದು ದಿನಕ್ಕೇ ಲ್ಯಾಬ್‌ಗೆ ಓಡಿದರೆ ದುಡ್ಡು ದಂಡ. ಗರ್ಭಿಣಿಯರ ಲೆಕ್ಕ ಬೇರೆ: ಅವರಿಗೆ ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ, ವಿಷಯ ತಿಳಿದ ಕೂಡಲೇ ವೈದ್ಯರನ್ನು ಕಾಣಬೇಕು.

ಮೆಡಿಕಲ್ ಸ್ಟೋರ್‌ನವರು ಮಾತ್ರೆಯ ಕವರಿನ ಮೇಲೆ ಈ ಅಂತರವನ್ನು ಕನ್ನಡದಲ್ಲಿ ಬರೆದುಕೊಡಲಿ.

— ಓರ್ವ ಫಾರ್ಮಸಿಸ್ಟ್, ಬಸವನಗುಡಿ, ಬೆಂಗಳೂರು