ಒಳಾಂಗಣ ಅಲಂಕಾರದ ವೃತ್ತಿಗೆ ಇಳಿಯುವ ಮುನ್ನ

ಚಿ. ಮೇಘನಾಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಒಳಾಂಗಣ ಅಲಂಕಾರವನ್ನೇ ವೃತ್ತಿಯಾಗಿ ಹಿಡಿಯಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ ಎಂದು ಕೇಳಿ ನೀನು ಬರೆದ ಪತ್ರ ಓದಿ ಬಹಳ ಸಂತೋಷವಾಯಿತು. ಬಣ್ಣ, ಬಟ್ಟೆಗಳ ವಿಷಯದಲ್ಲಿ ನಿನಗಿರುವ ಅಭಿರುಚಿಯನ್ನು ನಾನು ಬಲ್ಲೆ. ಆದರೆ ಅದನ್ನು ನೆಚ್ಚಿಕೊಳ್ಳುವ ಮೊದಲು ಅಳತೆ ಹಿಡಿಯುವುದನ್ನೂ, ನೀನು ಅಲಂಕರಿಸುವ ಕೋಣೆಯಲ್ಲಿ ಬಾಳುವವರ ದಿನಚರಿಯನ್ನು ಅರಿಯುವುದನ್ನೂ ಕಲಿತುಕೋ ಎಂದು ಹೇಳುವುದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಅಲಂಕಾರದ ಕೆಲಸವೆಂದರೆ ಈಗಾಗಲೇ ಇರುವ ಕೋಣೆಗೆ ಬಣ್ಣ, ಪೀಠೋಪಕರಣ, ಪರದೆ, ದೀಪಗಳನ್ನು ಹೊಂದಿಸುವುದು. ಗೋಡೆ ಒಡೆಯುವುದು, ನೀರಿನ ಕೊಳವೆ, ವಿದ್ಯುತ್ ತಂತಿಗಳನ್ನು ಸ್ಥಳಾಂತರಿಸುವುದು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ಅಲ್ಲಿ ಒಳಾಂಗಣ ವಿನ್ಯಾಸದ ವ್ಯಾಸಂಗ ಬೇಕು, ಭಾರ ಹೊರುವ ಗೋಡೆಯಾದರೆ ಎಂಜಿನಿಯರರ ಒಪ್ಪಿಗೆಯೇ ಬೇಕು. ಆ ವ್ಯಾಸಂಗಕ್ಕೆ ಅನುಕೂಲವಿದ್ದರೆ ಖಂಡಿತ ಮಾಡು. ಇಲ್ಲದಿದ್ದರೆ ಡಿಪ್ಲೊಮಾ ಮುಗಿಸಿಯೋ, ನುರಿತವರ ಕೈಕೆಳಗೆ ದುಡಿದೋ ಅಲಂಕಾರದ ಕೆಲಸಕ್ಕೆ ಬರಬಹುದು. ಅಮೆರಿಕದ ರಂಗನಟಿಯಾಗಿದ್ದ ಎಲ್ಸಿ ಡಿ ವುಲ್ಫ್, ನ್ಯೂಯಾರ್ಕಿನಲ್ಲಿ 1907ರಲ್ಲಿ ಬಾಗಿಲು ತೆರೆದ ಮಹಿಳೆಯರ ಕಾಲೊನಿ ಕ್ಲಬ್ಬಿನ ಒಳಾಂಗಣವನ್ನು ಸಜ್ಜುಗೊಳಿಸಿಯೇ ಈ ವೃತ್ತಿಯಲ್ಲಿ ಹೆಸರು ಮಾಡಿದರು.

ಇನ್ನು ಅಳತೆಯ ಮಾತು. ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುವ ಬೀರು ಮಾಡಿಸಬೇಕೆಂದಿಟ್ಟುಕೋ. ನೆಲದ ಹತ್ತಿರ, ನಡುಮಟ್ಟದಲ್ಲಿ, ಛಾವಣಿಯ ಕೆಳಗೆ ಹೀಗೆ ಮೂರು ಕಡೆ ಟೇಪು ಹಿಡಿದು ನೋಡು. ಮೂರೂ ಒಂದೇ ಬರುವುದು ಅಪರೂಪ. ಕಡಿಮೆ ಬಂದ ಅಳತೆಗೇ ಬೀರು ಮಾಡಿಸಿ, ಉಳಿದ ಸಂದನ್ನು ಪಟ್ಟಿ ಹೊಡೆಸಿ ಮುಚ್ಚಬೇಕು. ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣಗಳನ್ನು ಅಳೆದರೆ ಕೋಣೆ ಎಷ್ಟು ಓರೆಯಾಗಿದೆ ಎಂಬುದೂ ತಿಳಿಯುತ್ತದೆ. ಕೋಣೆಯನ್ನಷ್ಟೇ ಅಳೆದು ಹಿಂದಿರುಗಬೇಡ. ಸೋಫಾ ಒಳಗೆ ಬರಬೇಕಾದ ಬಾಗಿಲನ್ನೂ, ಮೆಟ್ಟಿಲಿನ ತಿರುವನ್ನೂ ಅಳೆದುಕೊಂಡು ಬಾ. ಕುರ್ಚಿಯ ಆಸನದ ಎತ್ತರ ಸುಮಾರು 45 ಸೆಂಟಿಮೀಟರ್, ಊಟದ ಮೇಜಿನ ಎತ್ತರ 75, ಓಡಾಡುವ ದಾರಿಯ ಅಗಲ 90 ಎಂಬ ಲೆಕ್ಕ ನಿನಗೆ ಬಾಯಿಪಾಠವಾಗಿರಲಿ. ಆದರೂ ಮೊಣಕಾಲು ನೋವಿರುವ ಹಿರಿಯರು ಕೂರುವ ಆಸನವಾದರೆ ಅವರನ್ನೇ ಕೂರಿಸಿ, ಏಳಿಸಿ ನೋಡಿದ ಮೇಲೆ ಎತ್ತರ ನಿಶ್ಚಯಿಸು. ತಗ್ಗಾಗಿ, ಆಳವಾಗಿ, ಮೆತ್ತಗಿರುವ ಸೋಫಾ ನೋಡುವುದಕ್ಕೆ ಎಷ್ಟೇ ಚೆಂದವಿರಲಿ, ಅದರಿಂದ ಏಳುವುದಕ್ಕೆ ಅವರು ಪ್ರತಿಸಲವೂ ಇನ್ನೊಬ್ಬರ ಕೈ ಹಿಡಿಯಬೇಕಾದರೆ ಅದು ಆ ಮನೆಗೆ ಒಪ್ಪುವ ವಸ್ತುವಲ್ಲ.

ಬಣ್ಣವನ್ನು ಅಂಗಡಿಯ ಕಾರ್ಡಿನಲ್ಲಿ ನೋಡಿ ಎಂದೂ ತೀರ್ಮಾನಿಸಬೇಡ. ದೊಡ್ಡದೊಂದು ಹಲಗೆಗೆ ಎರಡು ಕೋಟು ಬಳಿದು, ಕಿಟಕಿಯಿರುವ ಗೋಡೆಗೂ ಎದುರು ಗೋಡೆಗೂ ಒರಗಿಸಿ, ಬೆಳಿಗ್ಗೆಯೂ ನೋಡು, ರಾತ್ರಿ ದೀಪ ಹಚ್ಚಿದ ಮೇಲೂ ನೋಡು. 2700 ಕೆಲ್ವಿನ್‌ನ (ಬೆಳಕಿನ ಛಾಯೆಯನ್ನು ಹೇಳುವ ಮಾನ ಇದು) ಹಳದಿ ಛಾಯೆಯ ಬೆಳಕಿನಲ್ಲಿ ಒಂದಕ್ಕೊಂದು ಹೊಂದಿದ ಪರದೆಯ ಬಟ್ಟೆ ಮತ್ತು ಗೋಡೆಯ ಬಣ್ಣ 6500 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಆದ್ದರಿಂದ ದೀಪಗಳ ಆಯ್ಕೆ ಮೊದಲು, ಬಣ್ಣದ ಆಯ್ಕೆ ಆಮೇಲೆ. ಪರದೆಯ ನೆರಿಗೆ ತುಂಬಿ ಬರಬೇಕಾದರೆ ಕಂಬಿಯ ಉದ್ದದ ಎರಡು ಪಟ್ಟು ಅಗಲದ ಬಟ್ಟೆ ಬೇಕಾಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕದಿದ್ದರೆ ಅಂದಾಜುಪಟ್ಟಿಯೇ ತಲೆಕೆಳಗಾಗುತ್ತದೆ.

ಮೊದಲ ಒಂದೆರಡು ವರ್ಷ ಅನುಭವಿಗಳೊಬ್ಬರ ಬಳಿ ಸಹಾಯಕಿಯಾಗಿ ಕೆಲಸ ಮಾಡು. ಆಫೀಸಿನಲ್ಲಿ ಕುಳಿತು ಚಿತ್ರ ಬರೆಯುವುದಕ್ಕಿಂತ ಸೈಟಿಗೆ ಕಳುಹಿಸಿ ಎಂದು ನೀನಾಗಿಯೇ ಕೇಳು. ಪ್ಲೈವುಡ್ಡಿನ ಅಂಚಿಗೆ ಪಟ್ಟಿ ಕೂರಿಸುವುದು, ಡ್ರಾಯರಿನ ಚಾನೆಲ್ ಜೋಡಿಸುವುದು, ಪುಟ್ಟಿ ಒಣಗುವವರೆಗೆ ಕಾಯುವುದು ಇವನ್ನೆಲ್ಲ ಬಡಗಿಗಳ, ಬಣ್ಣದವರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಅವರನ್ನು ಗೌರವದಿಂದ ಮಾತನಾಡಿಸು. ನಿನ್ನ ನಕ್ಷೆಯಲ್ಲಿರುವ ತೊಡಕನ್ನು ಮೊದಲು ಗುರುತಿಸುವವರು ಅವರೇ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೊಕ್ಯಾಡ್, ಸ್ಕೆಚಪ್ ತಂತ್ರಾಂಶಗಳು ಬೇಗ ಕೈಗೆ ಹತ್ತುತ್ತವೆ, ಅದಕ್ಕಾಗಿ ಚಿಂತೆ ಬೇಡ.

ಗಿರಾಕಿಗಳಿಗೆ ತೋರಿಸಲು ಮಾಡಿದ ಕೆಲಸಗಳೇ ಇಲ್ಲವೆಂದು ಪತ್ರದಲ್ಲಿ ಕೊರಗಿದ್ದೀಯೆ. ನಿನ್ನ ಕೋಣೆ, ಗೆಳತಿಯ ಓದುವ ಮೂಲೆ, ಪರಿಚಿತರ ಚಿಕ್ಕ ಆಫೀಸು, ಇಷ್ಟು ಸಾಕು. ಪ್ರತಿಯೊಂದಕ್ಕೂ ಮೊದಲಿನ ಫೋಟೊ, ಅಳತೆಯ ನಕ್ಷೆ, ಖರ್ಚಿನ ಪಟ್ಟಿ ಮತ್ತು ಹೀಗೇಕೆ ಮಾಡಿದೆ ಎಂಬ ನಾಲ್ಕು ಸಾಲಿನ ವಿವರಣೆ ಇರಲಿ. ಕಲ್ಪಿಸಿ ಬರೆದ ಚಿತ್ರವಾದರೆ ಹಾಗೆಂದೇ ನಮೂದಿಸು.

ಹಣದ ವಿಷಯದಲ್ಲಿ ಸಂಕೋಚ ಬೇಡ. ಯಾವ ಕೆಲಸ ನಿನ್ನದು, ಸಾಮಾನು ಕೊಳ್ಳುವವರು ಯಾರು, ಯಾವ ಹಂತದಲ್ಲಿ ಎಷ್ಟು ಹಣ ಕೊಡಬೇಕು ಎಂಬುದನ್ನೆಲ್ಲ ಬರವಣಿಗೆಯಲ್ಲಿ ಒಪ್ಪಿಕೊಂಡೇ ಕೆಲಸ ಆರಂಭಿಸು. ನಡುವೆ ಬದಲಾವಣೆ ಕೇಳಿದರೆ ಅದನ್ನೂ ಬರೆಸಿಕೋ. ಅಂಗಡಿಯವರು ಕಮಿಷನ್ ಕೊಡಲು ಬಂದಾಗ ಅದನ್ನು ಗಿರಾಕಿಗೆ ತಿಳಿಸದೆ ಇಟ್ಟುಕೊಳ್ಳಬಾರದು. ಈ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು, ಏಕೆಂದರೆ ಗಿರಾಕಿಗಳು ತಮ್ಮ ಮನೆಯನ್ನೂ ಉಳಿತಾಯವನ್ನೂ ನಂಬಿ ನಿನ್ನ ಕೈಗೆ ಒಪ್ಪಿಸಿರುತ್ತಾರೆ.

ಮುಂದಿನ ಪತ್ರದ ಜೊತೆಗೆ ನಿನ್ನ ಕೋಣೆಯ ನಕ್ಷೆಯನ್ನು 1:50ರ ಪ್ರಮಾಣದಲ್ಲಿ, ಅಂದರೆ ಕೋಣೆಯ 50 ಸೆಂಟಿಮೀಟರಿಗೆ ಕಾಗದದ ಮೇಲೆ 1 ಸೆಂಟಿಮೀಟರಿನಂತೆ, ಪೆನ್ಸಿಲಿನಲ್ಲೇ ಬರೆದು ಕಳುಹಿಸು. ಬಾಗಿಲು ತೆರೆದುಕೊಳ್ಳುವ ದಿಕ್ಕು, ನೆಲದಿಂದ ಕಿಟಕಿಯ ಎತ್ತರ, ಸ್ವಿಚ್ಚುಗಳಿರುವ ಜಾಗ ಯಾವುದನ್ನೂ ಬಿಡಬೇಡ. ತಿದ್ದಿ ಹಿಂದಕ್ಕೆ ಕಳುಹಿಸುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ