ಬಿಲ್ ಕಟ್ಟಿದರೆ ಮುಗಿಯಿತಾ?

ಸಂಪಾದಕರೇ,

ಮೊನ್ನೆ ನೆಂಟರ ಮನೆಗೆ ಹೋಗಿದ್ದೆ. ಯಾರೂ ಇಲ್ಲದ ಕೋಣೆಯಲ್ಲಿ ಎಸಿ ಓಡುತ್ತಿತ್ತು. ಆರಿಸಲೇ ಎಂದು ಕೇಳಿದೆ. "ಇರ್ಲಿ ಬಿಡಿ, ಬಿಲ್ ಕಟ್ಟೋರು ನಾವೇ ಅಲ್ವಾ" ಎಂದರು. ಜಂಬದಿಂದ ಹೇಳಿದ ಮಾತಲ್ಲ ಅದು, ಅವರು ನಿಜವಾಗಿಯೂ ಹಾಗೆಂದೇ ನಂಬಿದ್ದರು. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಆ ಮಾತು ತಲೆಯಿಂದ ಹೋಗಲೂ ಇಲ್ಲ. ಹೀಗೆ ಹೇಳುವವರು ಅವರೊಬ್ಬರೇ ಅಲ್ಲವಲ್ಲ. ಅದಕ್ಕೇ ಅಂದು ಹೇಳಲಾಗದ್ದನ್ನು ನಿಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ.

ಬಿಲ್ಲಿನಲ್ಲಿ ನಮಗೆ ಕಾಣುವುದು ಯೂನಿಟ್ಟುಗಳ ಲೆಕ್ಕ ಮಾತ್ರ. ಒಂದು ಯೂನಿಟ್ ಎಂದರೆ ಎಷ್ಟು ಎಂದು ಯಾರಾದರೂ ಕೇಳಿದರೆ ನಾವು ರೇಟು ಹೇಳುತ್ತೇವೆ. ಅದನ್ನು ಬೇರೆ ರೀತಿ ನೋಡೋಣ. 1,000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಗಟ್ಟಿಮುಟ್ಟಾದ ಒಬ್ಬ ವ್ಯಕ್ತಿ ಸೈಕಲ್ ತುಳಿಯುತ್ತಾ ಬಹಳ ಹೊತ್ತು ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್. ಅವರು 13 ಗಂಟೆಗೂ ಜಾಸ್ತಿ ಎಡೆಬಿಡದೆ ತುಳಿದರೆ ಒಂದು ಯೂನಿಟ್ ಆಗುತ್ತದೆ. ಅದೇ ಒಂದು ಯೂನಿಟ್ಟನ್ನು 2,000 ವ್ಯಾಟ್‌ನ ಗೀಸರ್ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ.

ನೀರಿನ ಲೆಕ್ಕ ನನ್ನನ್ನು ಇನ್ನೂ ಬೆರಗುಗೊಳಿಸಿತು. ಅಣೆಕಟ್ಟಿನಿಂದ ನೀರು 40 ಮೀಟರ್ ಕೆಳಗೆ ಧುಮುಕಿ ಟರ್ಬೈನ್ ತಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಒಂದೇ ಒಂದು ಯೂನಿಟ್ ಹುಟ್ಟಲು ಸುಮಾರು 10,000 ಲೀಟರ್ ನೀರು ಇಳಿಯಬೇಕು. ದೊಡ್ಡ ಟ್ಯಾಂಕರ್ ತುಂಬ ನೀರು! ಆ ನೀರು ಕೆಳಗಿನ ಹೊಲಗಳಿಗೆ ಹೋಗುತ್ತದೆ, ಹಾಳಾಗುವುದಿಲ್ಲ, ನಿಜ. ಆದರೆ ಒಮ್ಮೆ ಇಳಿದ ನೀರು ಮತ್ತೆ ತಾನಾಗಿ ಮೇಲೇರುವುದಿಲ್ಲ. ಮುಂದಿನ ಮಳೆಗಾಲಕ್ಕೇ ಕಾಯಬೇಕು. ಮಳೆ ಕೈಕೊಟ್ಟ ವರ್ಷ ಅದೇ ನೀರಿಗಾಗಿ ಕುಡಿಯುವವರು, ಬೆಳೆಯುವವರು, ಕರೆಂಟು ಮಾಡುವವರು ಮೂವರೂ ಕೈ ಚಾಚುತ್ತಾರೆ.

ಕಲ್ಲಿದ್ದಲಿನ ಕಥೆಯಲ್ಲಿ ಕಾಯುವುದಕ್ಕೂ ಅರ್ಥವಿಲ್ಲ. ಭೂಮಿಯ ಕಲ್ಲಿದ್ದಲಿನ ದೊಡ್ಡ ಪಾಲು ಸುಮಾರು 30 ಕೋಟಿ ವರ್ಷಗಳ ಹಿಂದಿನ ಜೌಗು ಕಾಡುಗಳದ್ದು. ಆಗ ಬಿದ್ದ ಬಿಸಿಲನ್ನು ಆ ಗಿಡಮರಗಳು ಹಿಡಿದಿಟ್ಟುಕೊಂಡವು, ಮಣ್ಣಿನಡಿ ಸೇರಿ ಕಪ್ಪು ಕಲ್ಲಾದವು. ಕಲ್ಲಿದ್ದಲು ಸುಟ್ಟು ಊರಿಗೆ ಕರೆಂಟು ಹಂಚುವ ಮೊದಲ ಸ್ಥಾವರಗಳು ಲಂಡನ್ ಮತ್ತು ನ್ಯೂಯಾರ್ಕ್‌ನಲ್ಲಿ ಶುರುವಾಗಿದ್ದು 1882ರಲ್ಲಿ. ಇನ್ನೂ 150 ವರ್ಷ ಕೂಡ ಆಗಿಲ್ಲ. ಇಷ್ಟರಲ್ಲೇ ನಾವು ಗಣಿಗಳನ್ನು ಎಷ್ಟು ಆಳಕ್ಕೆ ತೋಡಿದ್ದೇವೆ!

ಸುಟ್ಟದ್ದೆಲ್ಲ ಕರೆಂಟಾಗಿ ಬರುವುದೂ ಇಲ್ಲ. ಕಲ್ಲಿದ್ದಲು ಉರಿದು ಕೊಡುವ ಶಾಖ 100 ಪಾಲು ಎಂದುಕೊಂಡರೆ, ಸಾಮಾನ್ಯ ಸ್ಥಾವರದಲ್ಲಿ ಅದರಲ್ಲಿ ಕರೆಂಟಾಗುವುದು 33ರಿಂದ 40 ಪಾಲು ಅಷ್ಟೇ. ಉಳಿದದ್ದು ಚಿಮಣಿಯಿಂದ, ತಣಿಸುವ ಗೋಪುರಗಳಿಂದ ಗಾಳಿಗೆ ಹೋಗುತ್ತದೆ. ಆಮೇಲೆ ತಂತಿಯಲ್ಲಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಮತ್ತಷ್ಟು ಸೋರುತ್ತದೆ. ನಮ್ಮ ಸ್ವಿಚ್ಚಿನ ಹತ್ತಿರ ಒಂದು ಯೂನಿಟ್ ತಲುಪಬೇಕಾದರೆ ಅಲ್ಲಿ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಉರಿದಿರುತ್ತದೆ, ಹೆಚ್ಚು ಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರಿರುತ್ತದೆ. ಇದನ್ನು ತಿರುಗಿಸಿ ನೋಡಿ. ನಾವು ಇಲ್ಲಿ ಒಂದು ಯೂನಿಟ್ ಉಳಿಸಿದರೆ ಅಲ್ಲಿ ಮೂರು ಯೂನಿಟ್ಟಿನ ಕಲ್ಲಿದ್ದಲು ಗಣಿಯಲ್ಲೇ ಉಳಿಯುತ್ತದೆ. ಸ್ವಿಚ್ ಆರಿಸುವುದು ಸಣ್ಣ ಕೆಲಸ ಎಂದು ನನಗೆ ಅನ್ನಿಸದೇ ಇರುವುದು ಈ ಕಾರಣಕ್ಕೆ.

ಹಾಗಾದರೆ ನಾವು ಕಟ್ಟುವ ಬಿಲ್ ಯಾವುದಕ್ಕೆ? ಅಗೆದು ತಂದಿದ್ದಕ್ಕೆ, ಸುಟ್ಟಿದ್ದಕ್ಕೆ, ತಂತಿ ಎಳೆದಿದ್ದಕ್ಕೆ. ಕಲ್ಲಿದ್ದಲನ್ನು ಮತ್ತೆ ಮಾಡಿಕೊಡುವುದಕ್ಕೆ ನಾವು ಯಾರಿಗೂ ದುಡ್ಡು ಕೊಟ್ಟಿಲ್ಲ. ಕೊಟ್ಟರೂ ಮಾಡಿಕೊಡುವವರು ಯಾರೂ ಇಲ್ಲ. ನನ್ನ ನೆಂಟರಿಗೆ ಹೇಳಬೇಕಾಗಿದ್ದ ಮೊದಲ ಮಾತು ಇದು.

ಎರಡನೆಯದು ಹೊತ್ತಿನ ಮಾತು. ಇದು ಬಹಳ ಜನಕ್ಕೆ ಗೊತ್ತಿಲ್ಲ ಎಂದು ನನ್ನ ಅನಿಸಿಕೆ. ತಂತಿಯಲ್ಲಿ ಕರೆಂಟನ್ನು ಕೂಡಿಡಲು ಬರುವುದಿಲ್ಲ. ಈ ಕ್ಷಣ ಎಷ್ಟು ಬಳಸುತ್ತಿದ್ದೇವೋ ಅಷ್ಟನ್ನು ಈ ಕ್ಷಣವೇ ಒದಗಿಸಬೇಕು. ಒದಗಿಸಿದ್ದಕ್ಕಿಂತ ಬಳಕೆ ಜಾಸ್ತಿಯಾದರೆ ಇಡೀ ವಿದ್ಯುತ್ ಜಾಲದ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಇಷ್ಟು ಬಾರಿ ಎಂದು ಮಿಡಿಯುವ ಲಯ, ಕೆಳಗಿಳಿಯುತ್ತದೆ. ಇಳಿತ ಮಿತಿ ದಾಟಿದರೆ ಯಾವುದೋ ಒಂದು ಕಡೆ ಲೈನ್ ತೆಗೆಯದೆ ಬೇರೆ ದಾರಿಯೇ ಇರುವುದಿಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತವರು ದಿನದ 24 ಗಂಟೆಯೂ ಕಣ್ಣಿಟ್ಟು ನೋಡುವುದು ಇದನ್ನೇ. ಅವರ ಕೆಲಸ ನೆನೆಸಿಕೊಂಡರೆ ನನಗೆ ಗೌರವ ಮೂಡುತ್ತದೆ.

ಅವರಿಗೆ ಬಹಳ ಕಷ್ಟದ ಹೊತ್ತು ಸಂಜೆ. ಸೂರ್ಯ ಮುಳುಗಿ ಸೌರ ವಿದ್ಯುತ್ ನಿಲ್ಲುತ್ತದೆ. ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ, ಟಿವಿ, ಎಸಿ, ಅಡುಗೆಮನೆಯ ಮಿಕ್ಸಿ, ಒಲೆ ಎಲ್ಲ ಒಟ್ಟಿಗೆ ಶುರು. ಈ ಕೆಲವು ಗಂಟೆಗಳ ಏರಿಕೆಗೆಂದೇ ಎಷ್ಟೋ ಸ್ಥಾವರಗಳನ್ನು ಕಟ್ಟಿ, ಉಳಿದ ಹೊತ್ತು ಸುಮ್ನೆ ಇಟ್ಟಿರಬೇಕಾಗುತ್ತದೆ. ಇನ್ನೊಂದು ವಿಷಯವಿದೆ. ತಂತಿಯಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ, ತಂತಿ ಬಿಸಿಯಾಗಿ ಪೋಲಾಗುವುದು ನಾಲ್ಕು ಪಟ್ಟಾಗುತ್ತದೆ. ಎಲ್ಲರೂ ಬಳಸುವ ಹೊತ್ತಿನಲ್ಲೇ ಪೋಲೂ ಜಾಸ್ತಿ. ಆದ್ದರಿಂದ ಸಂಜೆ ಉಳಿಸಿದ ಯೂನಿಟ್ಟು ನಡುರಾತ್ರಿ ಉಳಿಸಿದ ಯೂನಿಟ್ಟಿಗಿಂತ ತೂಕದ್ದು. ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ, ನೀರಿನ ಪಂಪು ಇವನ್ನೆಲ್ಲ ಸಂಜೆಯ ಬದಲು ಬಿಸಿಲಿರುವಾಗ ಓಡಿಸಿದರೂ ಸಾಕು. ಮೀಟರ್ ಓಡುವುದು ಅಷ್ಟೇ ಇರಬಹುದು, ಜಾಲದ ಮೇಲಿನ ಹೊರೆ ಮಾತ್ರ ಖಂಡಿತ ಇಳಿಯುತ್ತದೆ.

"ಇನ್ನೇನು, ಸೋಲಾರ್ ಬಂತಲ್ಲ" ಎನ್ನುವವರಿದ್ದಾರೆ. ಬರಲಿ, ಇನ್ನೂ ಬೇಗ ಬರಲಿ ಎಂದು ನಾನೂ ಬಯಸುತ್ತೇನೆ. ಬಿಸಿಲು ಮುಗಿಯುವಂಥದ್ದಲ್ಲ. ಆದರೆ ಅದನ್ನು ಹಿಡಿಯುವ ಪ್ಯಾನೆಲ್ಲಿಗೆ, ಬ್ಯಾಟರಿಗೆ, ತಂತಿಗೆ ಬೇಕಾದ ತಾಮ್ರ, ಲಿಥಿಯಂ ನೆಲದಿಂದಲೇ ಬರಬೇಕು. ಜಾಗವೂ ಬೇಕು. ಹಗಲಿನ ಕರೆಂಟಿನಿಂದ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ರಾತ್ರಿ ಇಳಿಸುವ ಏರ್ಪಾಡಿದೆ. ಅದರಲ್ಲಿ ಸುಮಾರು ಐದನೇ ಒಂದು ಪಾಲು ದಾರಿಯಲ್ಲೇ ಕಳೆದುಹೋಗುತ್ತದೆ. ಪೋಲು ಮಾಡುವವರಿಗೆ ಎಷ್ಟು ಪ್ಯಾನೆಲ್ ಹಾಕಿದರೂ ಸಾಲದು. ಹೊಸ ಸೌರ ವಿದ್ಯುತ್ತು ಹಳೆಯ ಕಲ್ಲಿದ್ದಲಿನ ಜಾಗಕ್ಕೆ ಬರಬೇಕು. ಬಳಕೆ ಏರುತ್ತಲೇ ಹೋದರೆ ಕಲ್ಲಿದ್ದಲು ಅಲ್ಲೇ ಇರುತ್ತದೆ, ಸೋಲಾರ್ ಅದರ ಪಕ್ಕಕ್ಕೆ ಬಂದು ಕೂರುತ್ತದೆ ಅಷ್ಟೇ.

ಎಲ್‌ಇಡಿ ವಿಷಯದಲ್ಲೂ ನನಗೆ ಇದೇ ಕಳವಳ. ಹಳೆಯ 60 ವ್ಯಾಟ್ ಬಲ್ಬಿನ ಬೆಳಕನ್ನು ಈಗ 8-9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಇದನ್ನು ಸಾಧ್ಯ ಮಾಡಿದ ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್ ಬಂತು. ಅಷ್ಟು ದೊಡ್ಡ ಕೊಡುಗೆ ಅದು. ಆದರೆ "ಎಲ್‌ಇಡಿ ತಾನೇ, ಉರೀಲಿ ಬಿಡು" ಎನ್ನುವುದೂ ಅದರ ಜೊತೆಗೇ ಬಂತು. ಉಗಿ ಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದಾಗ ದೇಶದ ಒಟ್ಟು ಕಲ್ಲಿದ್ದಲು ಬಳಕೆ ಇಳಿಯುವ ಬದಲು ಏರಿತು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಎಚ್ಚರಿಸಿದ್ದರು. ಒಳ್ಳೆಯ ಯಂತ್ರದ ಜೊತೆ ಒಳ್ಳೆಯ ಅಭ್ಯಾಸವೂ ಇರಬೇಕು. ರಿಮೋಟಿನಲ್ಲಿ ಆರಿಸಿ ಬಿಟ್ಟ ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ಎಳೆಯುತ್ತಿದ್ದರೆ, ವರ್ಷವಿಡೀ ಸೇರಿ 87ಕ್ಕೂ ಹೆಚ್ಚು ಯೂನಿಟ್ ಆಗುತ್ತದೆ. ಯಾರೂ ನೋಡದ ಟಿವಿಗೆ!

ಜನ ಮನಸ್ಸು ಮಾಡಿದರೆ ಎಷ್ಟು ಉಳಿಯುತ್ತದೆ ಎನ್ನುವುದಕ್ಕೆ ಪುರಾವೆ ಇದೆ. 2001ರಲ್ಲಿ ಬ್ರೆಜಿಲ್‌ನಲ್ಲಿ ಮಳೆ ಕಡಿಮೆಯಾಗಿ ಜಲಾಶಯಗಳು ತೀರಾ ಕೆಳಗಿಳಿದವು. ಆ ದೇಶದ ಕರೆಂಟಿನ ಬಹುಪಾಲು ಬರುತ್ತಿದ್ದುದೇ ನೀರಿನಿಂದ. ದೇಶದ ಹೆಚ್ಚಿನ ಭಾಗದಲ್ಲಿ ಬಳಕೆಯನ್ನು ಶೇ 20ರಷ್ಟು ಇಳಿಸಬೇಕೆಂದು ಸರ್ಕಾರ ಹೇಳಿತು. ಜನ ಇಳಿಸಿದರು. ಊರೂರಿಗೆ ಸರದಿಯ ಮೇಲೆ ಕರೆಂಟು ತೆಗೆಯುವುದು ತಪ್ಪಿತು. 2008ರಲ್ಲಿ ಅಮೆರಿಕದ ಅಲಾಸ್ಕಾದ ಜುನೋ ಎಂಬ ಊರಿಗೆ ಜಲವಿದ್ಯುತ್ ತರುತ್ತಿದ್ದ ಟವರುಗಳು ಹಿಮ ಕುಸಿದು ಉರುಳಿದವು. ದುಬಾರಿ ಡೀಸೆಲ್ ಕರೆಂಟಿನಲ್ಲೇ ದಿನ ದೂಡಬೇಕಾಯಿತು. ಕೆಲವೇ ವಾರಗಳಲ್ಲಿ ಊರಿನ ಬಳಕೆ ಸುಮಾರು ಶೇ 30 ಇಳಿಯಿತು. ಲೈನ್ ಸರಿಹೋದ ಮೇಲೂ ಆ ಉಳಿತಾಯದ ಒಂದು ಪಾಲು ಹಾಗೇ ಉಳಿದುಕೊಂಡಿತು ಎನ್ನುವುದು ನನಗೆ ತುಂಬಾ ಹಿಡಿಸಿದ ಸಂಗತಿ. ಎರಡೂ ಕಡೆ ಜನರಿಗೆ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಅದರಲ್ಲಿ ಕಾಲು ಭಾಗವನ್ನು ನಾವು ಅಂಥ ಸ್ಥಿತಿ ಬರುವ ಮೊದಲೇ ಮಾಡಬಾರದೇ?

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಒಂದು ಬಲ್ಬು, ಒಂದು ಫ್ಯಾನು ಇರುವ ಮನೆಗೆ ಉಳಿತಾಯದ ಪಾಠ ಹೇಳುವುದು ತಪ್ಪು. ಓದುವ ಮಗುವಿನ ದೀಪ ಆರಿಸಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಪ್ರಪಂಚದಲ್ಲಿ ಇವತ್ತಿಗೂ 65 ಕೋಟಿಗೂ ಹೆಚ್ಚು ಜನರ ಮನೆಯಲ್ಲಿ ಕರೆಂಟೇ ಇಲ್ಲ. ಅವರಿಗೆ ಬೇಕಾಗಿರುವುದು ಮೊದಲ ದೀಪ. ಉಳಿಸಬೇಕಾದವರು ಖಾಲಿ ಕೋಣೆ ತಣ್ಣಗಿಡುವವರು. ರಾತ್ರಿಯಿಡೀ ಝಗಮಗಿಸುವ ಜಾಹೀರಾತು ಫಲಕದವರು. ಎಲ್ಲರೂ ಮನೆಗೆ ಹೋದ ಮೇಲೂ ಮಹಡಿ ಮಹಡಿಯಲ್ಲಿ ದೀಪ ಉರಿಸುವ ಕಚೇರಿಗಳು. ಮಧ್ಯಾಹ್ನ ಹನ್ನೆರಡಕ್ಕೂ ಉರಿಯುವ ಬೀದಿದೀಪ ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಅದನ್ನು ಆರಿಸಲು ನನ್ನ ಕೈಯಲ್ಲಿ ಸ್ವಿಚ್ಚಿಲ್ಲ. ಮನೆಯವರಿಗೆ ಬುದ್ಧಿ ಹೇಳುವ ಮೊದಲು ಆಡಳಿತದವರು ಅದನ್ನು ನೋಡಿಕೊಳ್ಳಲಿ.

ಕೊನೆಗೆ ನಿಮ್ಮಲ್ಲೇ ಒಂದು ಕೋರಿಕೆ, ಸಂಪಾದಕರೇ. ಪತ್ರಿಕೆಗಳಲ್ಲಿ ದಿನವೂ ಹವಾಮಾನ ಬರುತ್ತದೆ, ಮಳೆಗಾಲದಲ್ಲಿ ಜಲಾಶಯದ ಮಟ್ಟ ಬರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಪುಟ್ಟ ಚೌಕ ಹಾಕುತ್ತೀರಾ? ನಿನ್ನೆ ಕರೆಂಟು ಬಳಕೆ ತುದಿ ಮುಟ್ಟಿದ್ದು ಎಷ್ಟು ಗಂಟೆಗೆ, ಎಷ್ಟು ಮೆಗಾವ್ಯಾಟ್, ಅದರಲ್ಲಿ ಕಲ್ಲಿದ್ದಲಿನಿಂದ ಎಷ್ಟು, ನೀರಿನಿಂದ ಎಷ್ಟು, ಬಿಸಿಲು ಗಾಳಿಯಿಂದ ಎಷ್ಟು. ನಾಲ್ಕೇ ಸಾಲು ಸಾಕು. ಹಾಕಲು ಶುರು ಮಾಡಿದ ದಿನ ಆ ಪುಟ ಕತ್ತರಿಸಿಕೊಂಡು ನಾನು ಮತ್ತೆ ನನ್ನ ನೆಂಟರ ಮನೆಗೆ ಹೋಗುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬರು