ನಮ್ಮ ಡಕ್ಟೆಡ್ ಫ್ಯಾನ್‌ಗೆ ಕೈಜೋಡಿಸಿದ ಎಲ್ಲರಿಗೂ

ನಮ್ಮ ಡಕ್ಟೆಡ್ ಫ್ಯಾನ್ (ಸುತ್ತ ಬಳೆಯಂಥ ಕವಚವಿರುವ, ಹಾರಲು ಬಳಸುವ ಫ್ಯಾನ್) ಮಾದರಿಯ ವಿಂಡ್ ಟನಲ್ ಪರೀಕ್ಷೆ, ಅಂದರೆ ಸುರಂಗದಲ್ಲಿ ಗಾಳಿ ಹಾಯಿಸಿ ನೋಡುವ ಪರೀಕ್ಷೆ, ಕಳೆದ ವಾರ ಬೆಂಗಳೂರಿನಲ್ಲಿ ಮುಗಿಯಿತು. ಬೇಕಾದ ಅಳತೆಗಳೆಲ್ಲ ಸಿಕ್ಕಿವೆ. ಇದರ ಹಿಂದೆ ದುಡಿದವರು ಬಹುತೇಕ ತುಮಕೂರಿನವರೇ. ಅವರಿಗೆ ನಾಲ್ಕು ಜನರ ಮುಂದೆ ಧನ್ಯವಾದ ಹೇಳಲೇಬೇಕು.

ನಮಗೆ ದಾರಿ ತೋರಿಸಿದ ಮೇಡಂ, ಓರೆ ಗಾಳಿಯಲ್ಲೂ ಪರೀಕ್ಷಿಸಲೇಬೇಕು ಎಂದು ನೀವು ಪಟ್ಟು ಹಿಡಿಯದಿದ್ದರೆ ನಾವು ನೇರ ಗಾಳಿಯಲ್ಲಷ್ಟೇ ಪರೀಕ್ಷೆ ಮಾಡಿ ಬಂದುಬಿಡುತ್ತಿದ್ದೆವು. ನಿಂತಲ್ಲೇ ಹಾರುವಾಗ ಫ್ಯಾನಿನ ಸುತ್ತಲ ಬಳೆಯೂ ಭಾರ ಎತ್ತುತ್ತದೆ. ಗಾಳಿ ಬಳೆಯ ತುಟಿ, ಅಂದರೆ ಮೇಲಿನ ದುಂಡು ಅಂಚು, ದಾಟಿ ಒಳಗೆ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದಲ್ವಾ, ಒಟ್ಟು ಬಲದ ಅರ್ಧದಷ್ಟು ಅಲ್ಲಿಂದಲೇ ಬರಬಹುದು. ಆದರೆ ಮುಂದಿನಿಂದ ಗಾಳಿ ಬೀಸಿದರೆ ಅದೇ ತುಟಿ ಹಾರುವ ಯಂತ್ರದ ಮೂತಿಯನ್ನು ಮೇಲಕ್ಕೆತ್ತುತ್ತದೆ. 1958ರಲ್ಲಿ ಹಾರಿದ ಅಮೆರಿಕದ ಡೋಕ್ ವಿಝಡ್-4 ವಿಮಾನಕ್ಕೂ ಇದೇ ಕಾಟವಿತ್ತು ಎಂದು ನೀವು ತೋರಿಸಿಕೊಟ್ಟಿರಿ.

ಅಂತರಸನಹಳ್ಳಿಯ ಲೇತ್ ಅಣ್ಣನ ಕೆಲಸ ನೋಡಿಯೇ ತಿಳಿಯಬೇಕು. ಬ್ಲೇಡಿನ ತುದಿಗೂ ಬಳೆಗೂ ನಡುವೆ ಒಂದು ಮಿಲಿಮೀಟರ್ ಸಂದೂ ಇರಬಾರದು. ಸಂದು ಜಾಸ್ತಿಯಾದರೆ ಗಾಳಿ ಅಲ್ಲೇ ಸೋರಿಹೋಗುತ್ತದೆ. ಬಳೆಯೋ ತೆಳು ಅಲ್ಯೂಮಿನಿಯಂ. ಲೇತಿನಲ್ಲಿ ಪಕ್ಕದಿಂದ ಹಿಡಿಯುವ ಚಕ್‌ನಲ್ಲಿ ಬಿಗಿದಿದ್ದಾಗ ದುಂಡಗಿರುತ್ತದೆ, ಬಿಚ್ಚಿದ ಕೂಡಲೇ ಮೊಟ್ಟೆಯಾಕಾರ. "ಪಕ್ಕದಿಂದ ಹಿಡಿಯೋದೇ ಬೇಡ, ಮೇಲಿಂದ ಒತ್ತಿ ಹಿಡಿಯೋಣ" ಎಂದ ಅಣ್ಣ ಬಳೆಯನ್ನು ಲೇತಿನ ಚಪ್ಪಟೆ ತಟ್ಟೆಗೆ (ಫೇಸ್ ಪ್ಲೇಟ್) ಕ್ಲಾಂಪ್ ಹಾಕಿ ಕೂರಿಸಿದರು. ಕೊನೆಯ ಸುತ್ತುಗಳಲ್ಲಿ ಕೂದಲೆಳೆಯಷ್ಟೇ ಲೋಹ ತೆಗೆದರು. ಬಿಚ್ಚಿದ ಮೇಲೆ, ದುಂಡು ಸರಿಯಿದೆಯೇ ಎಂದು ಅಳೆಯುವ ಡಯಲ್ ಗೇಜ್ ಮುಳ್ಳು ಹೆಚ್ಚುಕಡಿಮೆ ಅಲುಗಲೇ ಇಲ್ಲ. ಇಂಥ ಕೈ ನಮ್ಮೂರಲ್ಲಿದೆ ಅನ್ನೋದು ನನಗೆ ದೊಡ್ಡ ಹೆಮ್ಮೆ.

ಟೈಲರ್ ಅಕ್ಕ ಕೊಟ್ಟ ಕೆಂಪು ಉಲ್ಲನ್ ದಾರ ಕತ್ತರಿಸಿ, ಗಾಳಿ ಹರಿಯುವ ಬಗೆ ಕಣ್ಣಿಗೆ ಕಾಣಲೆಂದು ತುಟಿಯ ಸುತ್ತ ಅಂಟಿಸಿದ್ದೆವು. ಮಾದರಿಯನ್ನು ಗಾಳಿಗೆ ಓರೆಯಾಗಿ ತಿರುಗಿಸುತ್ತಾ ಹೋದಂತೆ, ಗಾಳಿಗೆ ಎದುರಾಗಿದ್ದ ಕಡೆಯ ದಾರಗಳು ಮೊದಲು ನಡುಗಿದವು, ಆಮೇಲೆ ತಿರುಗಿ ನಿಂತವು. ಗಾಳಿ ತುಟಿ ಬಿಟ್ಟು ಹೋಗುತ್ತಿತ್ತು. ಎಷ್ಟು ಓರೆಗೆ ಹೀಗಾಗುತ್ತದೆ, ಮೂತಿ ಎಷ್ಟು ಬಲದಿಂದ ಏಳುತ್ತದೆ ಅನ್ನೋದು ಈಗ ಲೆಕ್ಕದಲ್ಲಿದೆ. ಹಾರಿಸಿ, ಬೀಳಿಸಿ ಕಲಿಯುವ ಪಾಡು ತಪ್ಪಿತು. ಅಕ್ಕಾ, ದಾರಕ್ಕೆ ದುಡ್ಡು ಬೇಡ ಅಂದಿರಿ, ಆ ಋಣ ಇದೆ.

ಮಾದರಿಗೆ ಒಂದು ಗೀರೂ ಬೀಳದಂತೆ ಸಾಗಿಸಿದ ಟೆಂಪೋ ಡ್ರೈವರ್ ಅಣ್ಣನಿಗೆ, ಟನಲ್ ನಡೆಸಿಕೊಟ್ಟ ಸಿಬ್ಬಂದಿಗೆ, ತಡರಾತ್ರಿ ಬಂದರೂ ಬಿಸಿ ಅನ್ನ ಸಾರು ಇಟ್ಟಿದ್ದ ನಮ್ಮ ಮನೆಗಳ ಅಮ್ಮಂದಿರಿಗೆ ನಮಸ್ಕಾರ.

ಮುಂದಿನ ಬಳೆಗೆ ತುಟಿ ಇನ್ನೂ ದಪ್ಪ, ದುಂಡಗೆ ಬೇಕು. ಫ್ಯಾನಿನ ಕೆಳಗೆ ಗಾಳಿ ತಿರುಗಿಸುವ ಪಟ್ಟಿಗಳನ್ನೂ ಕೂರಿಸಬೇಕು. ಡ್ರಾಯಿಂಗ್ ಹಿಡಿದು ಸೋಮವಾರ ಅಂಗಡಿಗೆ ಬರುತ್ತೇವೆ, ಅಣ್ಣಾ.